ನೂರು ಹೆಜ್ಜೆಗೊಂದು ಗುಂಡಿ

"ಗುರುಗಳೇ, ಪರೀಕ್ಷೆಯಲ್ಲಿ ಬರುವುದನ್ನಷ್ಟೇ ಮಕ್ಕಳಿಗೆ ಕಲಿಸಿದರೆ ಅದು ಮೋಸವೇ?"

ಕೇಳಿದವನು ಓಬಳೇಶ, ಮಾಧ್ಯಮಿಕ ಶಾಲೆಯ ಗಣಿತದ ಮೇಷ್ಟ್ರು. ತಾಲ್ಲೂಕಿನ ಏಳನೆಯ ತರಗತಿಯ ಮಕ್ಕಳಿಗೆಲ್ಲ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ. ಹೋದ ವರ್ಷ ಅವನ ಶಾಲೆ ಪಟ್ಟಿಯ ಕೊನೆಯಲ್ಲಿತ್ತು. ತುಂಬಿದ ಸಭೆಯಲ್ಲಿ ಅಧಿಕಾರಿಗಳು ಅವನನ್ನು ಎದ್ದು ನಿಲ್ಲಿಸಿದ್ದರು. ಈ ವರ್ಷ ಮೂರು ತಿಂಗಳಿಂದ ಪಾಠ ಬಿಟ್ಟು ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಉರು ಹೊಡೆಸುತ್ತಿದ್ದ. ಮಕ್ಕಳು ನಲವತ್ತಕ್ಕೆ ಮೂವತ್ತೆಂಟು ತೆಗೆಯತೊಡಗಿದ್ದರು. ಪರೀಕ್ಷೆಗೆ ಇನ್ನು ಹನ್ನೊಂದು ದಿನ. ಮೊನ್ನೆ ತರಗತಿಯ ಅತಿ ಜಾಣೆಗೆ, ಈ ಕೋಣೆಗೆ ಎಷ್ಟು ಹಾಸುಗಲ್ಲು ಬೇಕು ಲೆಕ್ಕ ಹಾಕಮ್ಮ ಎಂದಿದ್ದ. ಅವಳು ನೆಲದ ಕಡೆ ತಿರುಗಿಯೂ ನೋಡಲಿಲ್ಲ. "ಉತ್ತರ ನಾಲ್ಕು ಕೊಡಿ ಸಾರ್, ಒಂದು ಆರಿಸ್ತೀನಿ" ಎಂದಳು. ಅಂದಿನಿಂದ ಓಬಳೇಶನಿಗೆ ಅನ್ನ ಸೇರುತ್ತಿರಲಿಲ್ಲ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೀರುಗಂಟಿ ಇದ್ದ. ತೂಬು ತೆಗೆದು ಗದ್ದೆಗೆ ನೀರು ಬಿಡುವುದು, ಕೆರೆಯ ಏರಿ ಕಾಯುವುದು ಅವನ ಕೆಲಸ. ಏರಿಯ ಕೆಳಗೊಂದು ಕೇರಿ. ಮಗಳನ್ನು ಆ ಕೇರಿಗೇ ಕೊಟ್ಟಿದ್ದ.

ರಾಜ್ಯದಲ್ಲಿ ಕೆರೆಗಳು ನೂರಾರು. ಮಳೆಗಾಲಕ್ಕೆ ಮುಂಚೆ ಏರಿಗಳನ್ನು ನೋಡಿ ಬಾ ಎಂದು ರಾಜ ಒಬ್ಬ ಅಧಿಕಾರಿಯನ್ನು ಕಳಿಸುತ್ತಿದ್ದ. ಅವನ ಕೈಯಲ್ಲಿ ಒಂದು ಕಬ್ಬಿಣದ ಸಲಾಕೆ. ತೂಬಿನಿಂದ ಎಣಿಸಿ ನೂರು ಹೆಜ್ಜೆಗೊಮ್ಮೆ ಚುಚ್ಚುವುದು, ಎಷ್ಟು ಇಳಿಯಿತೆಂದು ಬರೆದುಕೊಳ್ಳುವುದು, ಮುಂದಿನ ಊರಿಗೆ ಹೋಗುವುದು. ಎಲ್ಲ ಊರಿಗೂ ಅದೇ ಸಲಾಕೆ, ಅದೇ ನೂರು ಹೆಜ್ಜೆ. ತನ್ನಷ್ಟು ನ್ಯಾಯವಂತ ಇಲ್ಲವೆಂದು ಅವನಿಗೆ ಹೆಮ್ಮೆ. ಸಲಾಕೆ ಎಲ್ಲಕ್ಕಿಂತ ಕಡಿಮೆ ಇಳಿದ ಊರಿನ ನೀರುಗಂಟಿಗೆ ಕೋಟೆಯಲ್ಲಿ ಪೇಟ ಕಟ್ಟುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಇಳಿದ ಊರಿನವನ ತಲೆಗೆ ಮಣ್ಣಿನ ಬುಟ್ಟಿ ಹೊರಿಸಿ ಸಂಜೆಯವರೆಗೆ ನಿಲ್ಲಿಸುತ್ತಿದ್ದರು.

ಒಂದು ವರ್ಷ ಆ ಬುಟ್ಟಿ ನಮ್ಮ ನೀರುಗಂಟಿಯ ತಲೆಗೇ ಬಂತು.

ಅವನು ಊರಿಗೆ ಬಂದವನೇ ಗೌಡನ ಮುಂದೆ ನಿಂತ. ಏರಿ ಉದ್ದಕ್ಕೂ ಸಡಿಲವಾಗಿದೆ, ಊರಿಗೆ ಊರೇ ಎರಡು ತಿಂಗಳು ಮಣ್ಣು ಹೊತ್ತರೆ ಸರಿಹೋದೀತು ಎಂದ. ಗೌಡ ನಕ್ಕ. "ಉದ್ದಕ್ಕೂ ಯಾಕಯ್ಯ? ಅವನು ಚುಚ್ಚೋದು ನೂರು ಹೆಜ್ಜೆಗೊಂದು ಕಡೆ ತಾನೇ?"

ನಾಲ್ಕು ಆಳು, ಮೂರು ದಿನದ ಕೆಲಸ. ನೀರುಗಂಟಿಯ ಗುದ್ದಲಿಯಿಂದಲೇ ನೂರು ಹೆಜ್ಜೆಗೊಂದು ಗುಂಡಿ ತೋಡಿದರು. ಜಲ್ಲಿ, ಗಾರೆ ಸುರಿದು ಕುಟ್ಟಿದರು. ಮೇಲೆ ಹುಲ್ಲು ಸಮೇತ ಮಣ್ಣಿನ ಹೆಂಟೆ ಮುಚ್ಚಿದರು. ಮರುವರ್ಷ ಸಲಾಕೆ ಎಲ್ಲಿಯೂ ಒಂದು ಗೇಣು ಇಳಿಯಲಿಲ್ಲ. ಏರಿ ನೋಡಲು ಬಂದವನು ಏರಿ ನೋಡಲಿಲ್ಲ, ಸಲಾಕೆ ನೋಡಿದ. ನೀರುಗಂಟಿಗೆ ಪೇಟ ಬಂತು. ಊರವರು ವಾಲಗ ಊದಿಸಿ ಕರೆತಂದರು. ಕೇರಿಯ ಬಾಗಿಲಲ್ಲಿ ಮಗಳು ಆರತಿ ಎತ್ತಿದಳು.

ಆ ವರ್ಷವೇ ಇನ್ನೊಂದು ಸಂಗತಿ ನಡೆಯಿತು. ದುರಸ್ತಿಗೆಂದು ಅರಮನೆಯಿಂದ ಬರುತ್ತಿದ್ದ ಮಣ್ಣಿನ ಗಾಡಿಗಳು ನಿಂತವು. ಎಲ್ಲಕ್ಕಿಂತ ಗಟ್ಟಿಯಾದ ಏರಿಗೆ ಮಣ್ಣು ಯಾಕೆ? ಊರಿಗೆ ಮರ್ಯಾದೆ ಸಿಕ್ಕಿತು, ಮಣ್ಣು ತಪ್ಪಿತು.

ಪೇಟ ಬಂದ ಮೇಲೆ ನೀರುಗಂಟಿಗೆ ನೆಮ್ಮದಿ ಬರಬೇಕಿತ್ತು. ಬಂದದ್ದು ದಿಗಿಲು. ದಿನವೂ ಏರಿಯ ಮೇಲೆ ನಡೆಯುತ್ತಿದ್ದ. ಗುಂಡಿಯಿದ್ದಲ್ಲಿ ಹೆಜ್ಜೆ ಗಟ್ಟಿಯಾಗಿ ಬೀಳುತ್ತಿತ್ತು, ನಡುವೆ ಕಾಲು ಅಳುಕುತ್ತಿತ್ತು. ಮೂರನೆಯ ಗುಂಡಿಗೂ ನಾಲ್ಕನೆಯದಕ್ಕೂ ನಡುವೆ, ಮಗಳ ಮನೆಯ ನೇರಕ್ಕೆ, ಏರಿಯ ಹೊರಮೈ ಒದ್ದೆಯಾಗಿತ್ತು. ಬೆರಳಿಟ್ಟು ಒತ್ತಿದ. ಬೆರಳು ಪೂರ್ತಿ ಒಳಗೆ ಹೋಯಿತು. ಬೇಸಿಗೆಯಲ್ಲೇ ಹೀಗಾದರೆ ಕೆರೆ ತುಂಬಿದಾಗ ಏನು ಗತಿ? ಮಣ್ಣು ತಂದು ಮೆತ್ತಿದ. ಎರಡು ದಿನಕ್ಕೆ ಅದೂ ತೊಯ್ದಿತು. ಮಲಗಿದರೆ ನಿದ್ದೆಯಿಲ್ಲ, ಮೋಡ ಕಂಡರೆ ಏರಿಯ ಮೇಲೆಯೇ ಕೂರುತ್ತಿದ್ದ.

ಗೌಡನಲ್ಲಿಗೆ ಓಡಿದ. ಅಧಿಕಾರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದ.

"ಹೇಳಪ್ಪ, ಯಾರು ಬೇಡ ಅಂದರು?" ಎಂದ ಗೌಡ. "ಗುಂಡಿ ತೋಡಿದ ಗುದ್ದಲಿ ಯಾರದು ಅಂತ ಕೇಳಿದರೆ ಅದನ್ನೂ ಹೇಳು."

ಅಧಿಕಾರಿ ಬಂದ. ಹೆಜ್ಜೆ ಎಣಿಸುತ್ತ ಏರಿಯ ಮೇಲೆ ನಡೆದ. ಒದ್ದೆ ಜಾಗ ಹತ್ತಿರವಾದಂತೆ ನೀರುಗಂಟಿ ಅವನ ಪಕ್ಕಕ್ಕೆ ಬಂದ. ಇಲ್ಲಿ ಚುಚ್ಚಿ ಸ್ವಾಮಿ. ಮೂರೇ ಮಾತು, ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕೈ ತಾನಾಗಿ ಮೇಲೆ ಹೋಗಿ ಪೇಟ ಸರಿಪಡಿಸಿತು. ಐವತ್ತೊಂದು, ಐವತ್ತೆರಡು ಎನ್ನುತ್ತ ಅಧಿಕಾರಿ ದಾಟಿ ಹೋದ. ಆ ವರ್ಷವೂ ಅವನ ಊರೇ ಮೊದಲು.

ಮಳೆ ಹಿಡಿಯಿತು. ಎಂಟು ದಿನಕ್ಕೆ ಕೆರೆ ತುಂಬಿತು. ಒಂಬತ್ತನೆಯ ದಿನ ಮಧ್ಯಾಹ್ನ, ಬೆರಳಿನಷ್ಟು ಸೋರುತ್ತಿದ್ದ ನೀರು ತೋಳಿನಷ್ಟಾಯಿತು. ಹೊತ್ತು ಇಳಿಯುವಷ್ಟರಲ್ಲಿ ಏರಿ ಒಡೆಯಿತು. ಮೂರನೆಯ ಗುಂಡಿಯ ಗಾರೆ ಆಚೆ, ನಾಲ್ಕನೆಯದು ಈಚೆ, ಎರಡೂ ಅಲುಗಲಿಲ್ಲ. ಅವುಗಳ ನಡುವೆ ಕೆರೆಯೆಲ್ಲ ನುಗ್ಗಿ ಕೇರಿಯನ್ನು ಕೊಚ್ಚಿಕೊಂಡು ಹೋಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಓಬಳೇಶ ಬಿಡಲಿಲ್ಲ.

"ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ಸಮಯವಿತ್ತಲ್ಲ, ಗುರುಗಳೇ. ಅವನು ಕೇರಿಗೆ ಓಡಿ ಹೋಗಿ ಹೇಳಬಹುದಿತ್ತಲ್ಲ?"

"ಓಡಿದ, ಕೂಗಿದ, ಕಾಲಿಗೆ ಬಿದ್ದ, ಎರಡು ವರ್ಷ ರಾಜ್ಯಕ್ಕೇ ಮೊದಲನೆಯದೆನಿಸಿದ ಏರಿ ಒಡೆಯುತ್ತದೆ ಎಂದರೆ ಸ್ವಂತ ಮಗಳೂ ನಂಬಲಿಲ್ಲ, ಮೇಷ್ಟ್ರೇ."