ಹದ್ದಮ್ಮ ತಂದ ಕಡ್ಡಿ

ಮಟಮಟ ಮಧ್ಯಾಹ್ನದಲ್ಲಿ ಹದ್ದಮ್ಮ ಮಂಜನ್ನು ಬೈಯುತ್ತಿದ್ದಳು.

"ಎಲ್ಲಿದೆ ಮಂಜು, ಅಕ್ಕಾ? ಪೊರೆ ಬಂದಿರುವುದು ನಿನ್ನ ಕಣ್ಣಿಗೆ. ಕೊಕ್ಕರೆ ವೈದ್ಯರಿಗೆ ತೋರಿಸಿದರೆ ತೆಗೆದುಬಿಡುತ್ತಾರೆ," ಎಂದಳು ನೆರೆಮನೆಯ ಕಾಗೆ.

"ಒಕ್ಕಣ್ಣಿ! ಹದ್ದಿನ ಕಣ್ಣಿಗೇ ಕೊಂಕು ಹೇಳುತ್ತೀಯಾ?" ಹದ್ದಮ್ಮನಿಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ನೆಲಕ್ಕಿಳಿದು, ಗೂಡು ಬಿಗಿಮಾಡಲು ಉದ್ದನೆಯ ಕಡ್ಡಿಯೊಂದನ್ನು ಹೆಕ್ಕಿ ತಂದು ಮರಿಗಳ ನಡುವೆ ಇಟ್ಟಳು.

"ಅವ್ವಾ, ಕಡ್ಡಿ ಹರಿದಾಡುತ್ತಿದೆ!" ಮರಿಗಳು ಚೀರಿದವು.

"ನಿಮಗೂ ಕಾಗೆಯ ಬುದ್ಧಿ ಬಂತೇ? ತೆಪ್ಪಗೆ ಬಿದ್ದಿರಿ!" ಎಂದು ಗದರಿದಳು.

ಕಾಗೆ ನುಗ್ಗಿಬಂದು ಅದನ್ನು ಕಚ್ಚಿ ಕೆಳಕ್ಕೆಸೆದಳು. "ಕಡ್ಡಿಯಲ್ಲ, ಹಾವು! ನಿನ್ನ ಜಂಬಕ್ಕೆ ಮಕ್ಕಳನ್ನು ಬಲಿ ಕೊಡುತ್ತೀಯಾ? ನಡೆ ವೈದ್ಯರ ಹತ್ತಿರ!"

ಹದ್ದಮ್ಮ ಮರಿಗಳತ್ತ ಬಾಗಿದಳು. ಎಷ್ಟು ಕಣ್ಣರಳಿಸಿದರೂ ಮರಿಗಳ ಮುಖ ಸ್ಪಷ್ಟವಾಗಲಿಲ್ಲ. ಕಾಗೆ ದಾರಿಯುದ್ದಕ್ಕೂ ಬೈಯುತ್ತಲೇ ಹಾರಿದಳು; ಹದ್ದಮ್ಮ ಆ ಬೈಗುಳದ ಸದ್ದನ್ನೇ ಹಿಡಿದು ಹಿಂದೆ ಹಾರಿದಳು.