ಜವರಪ್ಪ ಮೇಷ್ಟ್ರ ಸೀಟಿ

ಹೊಳೆದಂಡೆಯ ಮನೆಯ ಜಗುಲಿಯಲ್ಲಿ ಜವರಪ್ಪ ಮೇಷ್ಟ್ರು ಕೂತಿದ್ದರು. ಬಾಸ್ಕೆಟ್‌ಬಾಲ್ ರೆಫರಿಯಾಗಿ ನಲವತ್ತು ವರ್ಷ ಸೀಟಿ ಊದಿ, ಈಗ ಹಲ್ಲೆಲ್ಲ ಉದುರಿಸಿಕೊಂಡವರು.

ಶಿಷ್ಯ ಪುರುಷೋತ್ತಮ ಬಂದ. ಅವನೂ ರೆಫರಿಯೇ, ವಯಸ್ಸು ಐವತ್ತೈದು. ಜೇಬಿನಿಂದ ಹಿತ್ತಾಳೆಯ ಸೀಟಿ ತೆಗೆದು ಗುರುವಿನ ಪಾದದ ಬಳಿ ಇಟ್ಟ. ಮೊದಲ ಪಂದ್ಯದ ದಿನ ಅವರೇ ಕೊಟ್ಟದ್ದು. ಈಗೆಲ್ಲ ಪ್ಲಾಸ್ಟಿಕ್ ಸೀಟಿ ಬಂದಿದ್ದರೂ ಅದು ಜೇಬಿನಲ್ಲಿರದೆ ಅವನು ಅಂಗಣಕ್ಕೆ ಇಳಿಯುತ್ತಿರಲಿಲ್ಲ.

"ವಾಪಸ್ ತಗೊಳ್ಳಿ ಮೇಷ್ಟ್ರೇ. ಇನ್ನು ನನ್ ಕೈಲಾಗಲ್ಲ."

"ಏನಾಯ್ತು?"

"ಮೊನ್ನೆ ಹುಡುಗೀರ ಫೈನಲ್. ಕೊನೇ ಸೆಕೆಂಡು. ಒಬ್ಬಳು ನುಗ್ಗಿ ಬಂದು ಬಾಸ್ಕೆಟ್ ಹಾಕಿದ್ಲು. ಹೆಜ್ಜೆ ಜಾಸ್ತಿ ಆಯ್ತು ಅಂತ ಊದ್ಬಿಟ್ಟೆ. ಅವಳ ತಂಡ ಒಂದು ಪಾಯಿಂಟಲ್ಲಿ ಸೋತೋಯ್ತು."

"ಜಾಸ್ತಿ ಆಗಿತ್ತಾ?"

"ಹಳೇ ನಿಯಮದಲ್ಲಿ ಆಗಿತ್ತು. ಈಗ ಚೆಂಡು ಹಿಡಿಯೋವಾಗ ನೆಲದಲ್ಲಿರೋ ಕಾಲನ್ನ ಎಣಿಸೋ ಹಾಗಿಲ್ಲ. ಅದಾದ್ಮೇಲೆ ಎರಡು ಹೆಜ್ಜೆ. ನಂಗೊತ್ತು ಮೇಷ್ಟ್ರೇ. ಪರೀಕ್ಷೇಲಿ ಬರ್ದು ಪಾಸಾಗಿದ್ದೀನಿ. ಆ ಗದ್ದಲದಲ್ಲಿ ಹಳೇದೇ ಬಾಯಿಗೆ ಬಂದ್ಬಿಡ್ತು."

"ಜಗಳ ಆಡಿದ್ಲಾ?"

"ಇಲ್ಲ. ಚೆಂಡನ್ನ ಎರಡೂ ಕೈಯಲ್ಲಿ ತಂದು ನನ್ ಕೈಗೆ ಕೊಟ್ಲು. ಆ ವಯಸ್ಸಿನ ತಂಡದಲ್ಲಿ ಅವಳಿಗೆ ಅದೇ ಕೊನೇ ಪಂದ್ಯವಂತೆ."

"ಯಾರು ಆ ಹುಡುಗಿ?"

"ಒಂಬತ್ತನೇ ನಂಬರು."

"ನಾನು ಕೇಳಿದ್ದು ಹೆಸರು."

"ಮೇಘಶ್ರೀ." ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿತು.

ಮೇಷ್ಟ್ರು ಸೀಟಿ ಎತ್ತಿಕೊಂಡರು. ಮೂಲೆಯಲ್ಲಿದ್ದ ಹಳೆಯ ಚೆಂಡನ್ನು ತೋರಿಸಿದರು.

"ಅವಳು ಬಂದ ಹಾಗೆ ಓಡಿ ಬಾ."

ಪುರುಷೋತ್ತಮ ಅಂಗಳದಲ್ಲಿ ಚೆಂಡು ಪುಟಿಸುತ್ತ ಓಡಿ ಬಂದ. ಒಂದು ಕಾಲು ನೆಲದಲ್ಲಿದ್ದಾಗಲೇ ಹಿಡಿದ, ಆಮೇಲೆ ಒಂದು ಹೆಜ್ಜೆ, ಎರಡು ಹೆಜ್ಜೆ, ನೆಗೆದ.

ಸೀಟಿ ಕೂಗಿತು.

"ಊದಬಾರ್ದು ಮೇಷ್ಟ್ರೇ. ಈಗ ಅದು ತಪ್ಪಲ್ಲ."

"ಗೊತ್ತು. ಈಗ ತಾನೇ ಹೇಳಿದ್ಯಲ್ಲ. ಬಾಯಿ ಕೇಳ್ಲಿಲ್ಲ. ಇನ್ನೊಂದ್ಸಲ."

ಮತ್ತೆ ಕೂಗಿತು. ಹತ್ತು ಸಲ ಓಡಿದ, ಹತ್ತು ಸಲವೂ ಮೇಷ್ಟ್ರು ಊದಿದರು. ಕೊನೆಕೊನೆಗೆ ಬೊಚ್ಚುಬಾಯಿಯಿಂದ ಬರೀ ಗಾಳಿ ಬರುತ್ತಿತ್ತು.

ಪುರುಷೋತ್ತಮನಿಗೆ ನೋಡಲಾಗಲಿಲ್ಲ. ಚೆಂಡು ಬಿಟ್ಟು ಅವರ ಕಾಲ ಬಳಿ ಕುಸಿದು ಕೂತ.

"ಸಾಕು ಮೇಷ್ಟ್ರೇ. ನೀವಿನ್ನು ಯಾವ ಪಂದ್ಯಕ್ಕೆ ಹೋಗ್ಬೇಕು? ಈ ವಯಸ್ಸಲ್ಲಿ ಇದನ್ನ ಕಲಿತು ಏನಾಗ್ಬೇಕು?"

ಮೇಷ್ಟ್ರು ಸೀಟಿಯನ್ನು ಪಂಚೆಯ ಚುಂಗಿನಲ್ಲಿ ಒರೆಸಿದರು.

"ಆ ಮಗು ಕೈಯಿಂದ ಚೆಂಡು ಕಿತ್ಕೊಂಡಿದ್ದು ನಾನು ಕಲಿಸಿದ ಪಾಠ ಕಣಯ್ಯ. ಅದನ್ನ ಮರೀದೆ ಹೆಂಗೆ ಸಾಯ್ಲಿ? ಏಳು, ಇನ್ನೊಂದ್ಸಲ ಓಡಿ ಬಾ."