ಸಾಹುಕಾರನ ಮೊದಲ ಕೊಳಗ

“ನನ್ನ ಅಂಗಡಿ ಅಕ್ಕಿಯಲ್ಲಿ ಒಂದೇ ಒಂದು ಕಲ್ಲು ತೋರಿಸಿ ದೊರೆಗಳೇ, ತುಂಬಿದ ಸಭೆಯಲ್ಲಿ ಎರಡು ಛಡಿ ಏಟು ತಿಂತೀನಿ!”

ಕಾರೆಕೋಟೆಯ ಅಕ್ಕಿ ಸಾಹುಕಾರ ಕೊಟ್ರಪ್ಪ ಎದೆ ತಟ್ಟಿ ಹೇಳಿದ. ದೊರೆ ಹಾಲಪ್ಪನಾಯಕ ತಲೆದೂಗಿದ. ತೂಗದೆ ಏನು ಮಾಡಿಯಾನು? ಅರಮನೆಗೆ ಹೋಗುವ ಸಣ್ಣಕ್ಕಿಯನ್ನು ಕೊಟ್ರಪ್ಪ ಕೇರಿಸಿ, ಆರಿಸಿ ಕಳಿಸುತ್ತಿದ್ದ. ಆರಿಸಿದ ಕಲ್ಲೆಲ್ಲ ಊರಿನವರ ಪಾಲಿಗೆ. ಧರ್ಮಾತ್ಮ, ಏನನ್ನೂ ಬಿಸಾಕುವವನಲ್ಲ.

ಆಗೆಲ್ಲ ಅನ್ನ ಅಂದರೆ ಈಗಿನ ಹಾಗೆ ಹೊತ್ತು ಹೊತ್ತಿಗೂ ಉಣ್ಣುವ ಪದಾರ್ಥವೇ? ಹಬ್ಬಕ್ಕೆ, ಬಾಣಂತಿಗೆ, ಬೀಗರಿಗೆ. ಮಿಕ್ಕ ದಿನ ಮುದ್ದೆ. ಬೀಗರ ಎಲೆಗೆ ಅನ್ನ ಬೀಳದಿದ್ದರೆ ಸಂಬಂಧವೇ ಮುರಿದುಬೀಳುತ್ತಿತ್ತು. ಅಕ್ಕಿ ಬೇಕಾದವರು ರಾಗಿ ಹೊತ್ತುಕೊಂಡು ಕೊಟ್ರಪ್ಪನ ಅಂಗಡಿಗೇ ಹೋಗಬೇಕು.

ಅವತ್ತು ಬೆಳಿಗ್ಗೆಯೇ ಮಾಳಮ್ಮ ಅನ್ನುವ ಹೆಂಗಸು ಆಸ್ಥಾನದ ವಿದೂಷಕ ದ್ಯಾವಣ್ಣನ ಬಾಗಿಲಲ್ಲಿ ಅಳುತ್ತ ನಿಂತಿದ್ದಳು.

“ಅಣ್ಣಾ, ನಾಳೆ ಮಗಳ ವೀಳ್ಯದ ಶಾಸ್ತ್ರ, ಬೀಗರು ಬರ್ತಾರೆ. ನಾಲ್ಕು ಕೊಳಗ ರಾಗಿ ಒಯ್ದಿದ್ದೆ. ಸಾಹುಕಾರ ಅಳೆದು ಮೂರೇ ಅಂದ. ಅವನು ಕೊಟ್ಟ ಅಕ್ಕಿ ಬಂದವರಿಗೆ ಸಾಲೋದಿಲ್ಲ. ನನ್ನ ಮಾನ ಹೋಗುತ್ತೆ.”

“ಹೇಗೆ ಎಣಿಸಿದ?”

“ಲಾಭ, ಒಂದು, ಎರಡು, ಮೂರು.”

ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ, ಶುಭವಾಗಲಿ ಅಂತ ‘ಲಾಭ’ ಅನ್ನುವುದು ಹಿಂದಿನವರ ಪದ್ಧತಿ. ಆಮೇಲೆ ‘ಎರಡು’. ಅಕ್ಕಿ ಕೊಡುವಾಗ ಕೊಟ್ರಪ್ಪ ತಪ್ಪದೆ ಹಾಗೇ ಎಣಿಸುತ್ತಿದ್ದ. ರಾಗಿ ತಗೊಳ್ಳುವಾಗ ಮಾತ್ರ ಲಾಭ ಆದಮೇಲೆ ಒಂದು. ಎಂಥ ಭಕ್ತಿ ನೋಡಿ!

ದ್ಯಾವಣ್ಣ ಮಾಳಮ್ಮನನ್ನೂ ಅವಳ ಅಕ್ಕಿಯನ್ನೂ ಸಭೆಗೆ ಕರೆತಂದಿದ್ದ. ಕೊಟ್ರಪ್ಪ ಜಂಬ ಕೊಚ್ಚಿದ್ದೇ ತಡ, ಎದ್ದು ಆ ಅಕ್ಕಿಯನ್ನು ದೊರೆಯ ಮುಂದೆ ಮೊರಕ್ಕೆ ಸುರಿದ. ಕಲ್ಲು ಹುಡುಕಬೇಕಾಗಲಿಲ್ಲ, ಅಕ್ಕಿಯನ್ನೇ ಹುಡುಕಬೇಕಾಯಿತು.

“ಆಡಿದ ಮಾತಿಗೆ ತಪ್ಪಬಾರದು ಕೊಟ್ರಪ್ಪ,” ಅಂದ ದೊರೆ. “ಛಡಿಯವನನ್ನ ಕರೀರಿ. ದ್ಯಾವಣ್ಣ, ನೀನು ಎಣಿಸು.”

ಛಟೀರ್!

“ಲಾಭ!” ಅಂದ ದ್ಯಾವಣ್ಣ.

ಛಟೀರ್!

“ಒಂದು!”

ಕೊಟ್ರಪ್ಪ ಬೆನ್ನು ಸವರಿಕೊಂಡು ಹೊರಟ. “ಎಲ್ಲಿಗೆ ಸಾಹುಕಾರ್ರೇ? ಇನ್ನೊಂದು ಬಾಕಿ ಇದೆ,” ಅಂದ ದ್ಯಾವಣ್ಣ.

“ಎರಡು ಬಿತ್ತಲ್ಲಯ್ಯ! ಬೆನ್ನು ನನ್ನದು, ನನಗೆ ಗೊತ್ತಾಗಲ್ವಾ?”

“ಮೊದಲನೇದು ಲಾಭ. ಅದು ಲೆಕ್ಕಕ್ಕಿಲ್ಲ.”

“ಅದು ರಾಗಿಗೆ ಕಣಯ್ಯ!”

ಕೊಟ್ರಪ್ಪ ನಾಲಿಗೆ ಕಚ್ಚಿಕೊಂಡ.

“ಏನದು ರಾಗಿಗೆ?” ದೊರೆ ಹುಬ್ಬೇರಿಸಿದ. ದ್ಯಾವಣ್ಣ ಮಾಳಮ್ಮನ ನಾಲ್ಕು ಕೊಳಗ ಮೂರಾದ ಕತೆ ಹೇಳಿದ.

“ಈಗ ನೀವೇ ಹೇಳಿ ಸಾಹುಕಾರ್ರೇ. ಮೊದಲ ಏಟು ಲೆಕ್ಕಕ್ಕೆ ಉಂಟು ಅಂದರೆ ಇವಳ ಮೊದಲ ಕೊಳಗವೂ ಉಂಟು. ಇಲ್ಲ ಅಂದರೆ ಬೆನ್ನು ತಿರುಗಿಸಿ.”

ಕೊಟ್ರಪ್ಪ ಒಂದು ಕ್ಷಣ ಯೋಚಿಸಿದ. ಬೆನ್ನಿನ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತೆ. ರಾಗಿ ಹೋದರೆ ಮತ್ತೆ ಬರುತ್ತಾ?

“ಇಲ್ಲ,” ಅಂದು ಬೆನ್ನು ತಿರುಗಿಸಿದ. “ಹೊಡೀರಿ.”

ಮಾಳಮ್ಮನ ಮುಖ ಬಾಡಿತು.

“ಭಲೇ!” ಅಂದ ದ್ಯಾವಣ್ಣ. “ಹಾಗಾದರೆ ದೊರೆಗಳೇ, ಛಡಿಯವನು ಇನ್ನು ಇವರ ಅಂಗಡಿಯಲ್ಲೇ ಇರಲಿ. ಇವರು ‘ಲಾಭ’ ಅಂತ ಒಂದು ಕೊಳಗ ತಗೊಂಡಾಗಲೆಲ್ಲ ಅವನು ‘ಲಾಭ’ ಅಂತ ಒಂದೇಟು ಕೊಡಲಿ. ಎರಡೂ ಲೆಕ್ಕಕ್ಕಿಲ್ಲ.”

“ಹಾಗೇ ಆಗಲಿ!” ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಉಂಟು! ಲೆಕ್ಕಕ್ಕೆ ಉಂಟು!” ಕೊಟ್ರಪ್ಪ ಕಿರುಚಿದ. “ಇವಳಿಗೆ ಬರಬೇಕಾದ್ದನ್ನೆಲ್ಲ ಹೊಸದಾಗಿ ಅಳೆದು ಕೊಡ್ತೀನಿ, ಕಲ್ಲಿಲ್ಲದ ಅಕ್ಕಿ!”

ಅರಮನೆಗೆ ಬಂದಿದ್ದ ಸಣ್ಣಕ್ಕಿ ಮೂಟೆಯನ್ನೇ ದೊರೆ ಬಿಚ್ಚಿಸಿದ. ಮಾಳಮ್ಮ ಸೆರಗು ಒಡ್ಡಿದಳು. ಕೊಟ್ರಪ್ಪ ಮೊದಲ ಅಳತೆ ಸುರಿದು, ಛಡಿಯವನ ಕಡೆ ನೋಡಿ, “ಒಂದು” ಅಂದ.

“ಛೆ ಛೆ! ಹಿಂದಿನವರ ಪದ್ಧತಿ ಬಿಡಬಾರದು ಸಾಹುಕಾರ್ರೇ,” ಅಂದ ದ್ಯಾವಣ್ಣ. “ಅದನ್ನ ಲಾಭ ಅನ್ನಿ. ಒಂದು ಅನ್ನೋದು ಆಮೇಲಿನದಕ್ಕೆ. ಈಗ ತಗೊಳ್ತಾ ಇರೋಳು ಮಾಳಮ್ಮ, ತಗೊಳ್ಳೋರ ಲೆಕ್ಕ ನಿಮಗೆ ಹೇಳಿಕೊಡಬೇಕೇ?”